ಭಾನುವಾರದ ಇಂಜಿನಿಯರ್‌ಗಳು, ನಮ್ಮ ಪಾರ್ಕಿನ ತೋಟ: 5ಕ್ಕೆ 4

ದುಡ್ಡು ಕೊಟ್ಟು ಪಡೆದ ಸರ್ವಿಸ್ ಅಲ್ಲ ಇದು. ಆದರೂ ಬರೆಯುತ್ತಿದ್ದೇನೆ, "ಆ ಇಂಜಿನಿಯರ್‌ಗಳನ್ನು ನಮ್ಮ ಏರಿಯಾಗೂ ಕರೆಸಬಹುದಾ" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ.

ಜೆ.ಪಿ. ನಗರದ ನಮ್ಮ ಪಾರ್ಕಿನ ಒಂದು ಮೂಲೆಯಲ್ಲಿ ಹತ್ತು ಮನೆಯವರು ಸೇರಿ ತರಕಾರಿ ಬೆಳೆಯುತ್ತೇವೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತಾಯಿತಲ್ಲ, ಆಗ ಬದನೆ, ಬಸಳೆ ಎಲ್ಲಾ ಒಣಗಿದವು. ಆಮೇಲೆ ಬಂದವರು ಈ ಐದು ಜನ ಇಂಜಿನಿಯರ್‌ಗಳು. ವಾರವೆಲ್ಲಾ ಆಫೀಸು, ಭಾನುವಾರ ಇಲ್ಲಿ ಪುಕ್ಕಟೆ ಕೆಲಸ. ಸಾಮಾನಿನ ಖರ್ಚು ಮಾತ್ರ ನಮ್ಮದು.

ಮೊದಲ ಎರಡು ವಾರ ಏನೂ ಮಾಡಲಿಲ್ಲ! ಟೇಪು ಹಿಡಿದು ಅಳೆದರು, ಮೇ ತಿಂಗಳ ಮಳೆ ಹೊಯ್ಯುವಾಗ ಒಬ್ಬ ಹುಡುಗಿ ಛತ್ರಿ ಹಿಡಿದು ನೀರು ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಾ ನಿಂತಿದ್ದಳು, ನಮ್ಮ ಮನೆಯವರು "ಪಿಕ್ನಿಕ್ಕಿಗೆ ಬಂದಿದ್ದಾರಾ" ಅಂತ ನಕ್ಕರು. ಆ ನೀರು ನಿಂತ ಜಾಗದಲ್ಲೇ ಈಗ ಮಳೆ ನೀರನ್ನು ನೆಲಕ್ಕೆ ಇಳಿಸುವ 20 ಅಡಿಯ ಇಂಗುಬಾವಿ ಇದೆ. ತೋಡಿದ್ದು ಬಾವಿ ತೋಡುವುದೇ ಕಸುಬಾದ ಮಣ್ಣು ಒಡ್ಡರು, ಇವರಲ್ಲ. ಒಳಗೆ ಇಳಿಸಿದ ಕಾಂಕ್ರೀಟ್ ರಿಂಗುಗಳ ನಡುವೆ ಸಿಮೆಂಟ್ ಹಚ್ಚಿಲ್ಲ, ಸಂದಿಯಿಂದಲೂ ನೀರು ಇಂಗಲಿ ಅಂತ. ಪಕ್ಕದ ಭವನದ ಛಾವಣಿ ನೂರು ಚದರ ಮೀಟರ್. ಅಷ್ಟರ ಮೇಲೆ ವರ್ಷಕ್ಕೆ 90 ಸಾವಿರ ಲೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ ಅಂತ ಲೆಕ್ಕ ತೋರಿಸಿದಾಗ ನಗುತ್ತಿದ್ದವರೆಲ್ಲಾ ಸುಮ್ಮನಾದರು. ಅದು ಮೊದಲು ಟ್ಯಾಂಕಿಗೆ, ತುಂಬಿ ಮಿಕ್ಕಿದ್ದು ಬಾವಿಗೆ.

ಗಿಡದ ಬುಡಕ್ಕೆ ಹನಿಹನಿ ನೀರು ಬಿಡುವ ಡ್ರಿಪ್ ವಿಷಯದಲ್ಲಿ ಎಡವಿದರು. ಟ್ಯಾಂಕ್ ಇರುವುದು ಎರಡು ಮೀಟರ್ ಸ್ಟ್ಯಾಂಡಿನ ಮೇಲೆ. ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ತಾನೇ ಒಂದು ಬಾರ್ ಒತ್ತಡ? ಇವರು ತಂದ ಡ್ರಿಪ್ಪರಿಗೆ ಅಷ್ಟು ಬೇಕಿತ್ತು, ಹಾಗಾಗಿ ಕೊನೇ ಸಾಲಿನ ಟೊಮೆಟೊಗೆ ಹನಿಯೂ ಬರಲಿಲ್ಲ. ತಪ್ಪು ಒಪ್ಪಿಕೊಂಡು, ಕಡಿಮೆ ಒತ್ತಡದ್ದನ್ನು ಅವರ ಕೈಯಿಂದಲೇ ದುಡ್ಡು ಹಾಕಿ ತಂದರು. ತೇವ ನೋಡುವ ಸೆನ್ಸರಿನ ವೈರನ್ನು ತಿಂಗಳೊಳಗೆ ಇಲಿ ಕಡಿಯಿತು. ಯಾರೂ ಮತ್ತೆ ಹಾಕಿಸಿಲ್ಲ, ಬೇಕೂ ಆಗಿಲ್ಲ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಗೊಬ್ಬರದ ಗುಂಡಿ. ಇಂಗಾಲ, ಸಾರಜನಕ 30ಕ್ಕೆ 1 ಇರಬೇಕು ಅಂತ ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದರೆ, ನಮ್ಮ ಮಾಲಿ ಅಜ್ಜ ಒಣಗಿದೆಲೆ ಮೇಲೆ ಸಗಣಿ ನೀರು, ಹುಳಿ ಮಜ್ಜಿಗೆ ಸುರಿದು ಹೊರಟೇಬಿಟ್ಟರು. ಮುಂದಿನ ವಾರ ಥರ್ಮಾಮೀಟರ್ ಚುಚ್ಚಿದರೆ 55 ಡಿಗ್ರಿ, ಅಂದರೆ ಗೊಬ್ಬರ ಚೆನ್ನಾಗಿ ಕಾದು ಕೊಳೆಯುತ್ತಿದೆ ಅಂತ. ಅವತ್ತಿಂದ ಐದೂ ಜನ ಅಜ್ಜನ ಹಿಂದೆ ನೋಟ್‌ಬುಕ್ ಹಿಡಿದು ಓಡಾಡುತ್ತಾರೆ.

ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂದರೆ, ಫಿಲ್ಟರ್ ತೊಳೆಯೋದು ಹೇಗೆ ಅಂತ ಇಂಗ್ಲಿಷಿನಲ್ಲಿ ಪ್ರಿಂಟ್ ಹಾಕಿ ಟ್ಯಾಂಕಿಗೆ ಅಂಟಿಸಿ ಹೋದರು. ಅಜ್ಜನಿಗೆ ಇಂಗ್ಲಿಷ್ ಬರಲ್ಲ, ಕಾಗದ ಒಂದೇ ಮಳೆಗೆ ಹೋಯಿತು, ಡ್ರಿಪ್ ಕಟ್ಟಿಕೊಂಡಿತು. ಈಗ ಶನಿವಾರ ನಾನೇ ತೊಳೆಯುತ್ತೇನೆ.

ಕರೆಸುವುದಾದರೆ ಏಪ್ರಿಲ್‌ನಲ್ಲೇ ಕರೆಸಿ. ಮಳೆ ಹಿಡಿದ ಮೇಲೆ ಬಾವಿ ತೋಡುವವರೂ ಸಿಗಲ್ಲ.