ಫೆಜ್‌ಗೆ ಹೋಗುವವರೇ, ‘ಮೊರಾಕೊ ಲೆದರ್’ ಎಂದರೆ ನಂಬಬೇಡಿ

ಮೊರಾಕೊ ಪ್ರವಾಸಕ್ಕೆ ಹೊರಟಿರುವವರು ದಯವಿಟ್ಟು ಇದನ್ನು ಓದಿ. ಫೆಜ್ ನಗರದಲ್ಲಿ ಶುವಾರಾದ ಚರ್ಮ ಹದ ಮಾಡುವ ಗುಂಡಿಗಳನ್ನು ತೋರಿಸುತ್ತೇವೆಂದು ನಾತ ತಡೆಯಲು ಕೈಗೆ ಪುದೀನ ಕೊಟ್ಟು ಮಾಳಿಗೆಗೆ ಹತ್ತಿಸುತ್ತಾರಲ್ಲ, ಅಂಥದ್ದೇ ಒಂದು ಅಂಗಡಿಯಲ್ಲಿ ನನಗೆ ಮೋಸವಾಯಿತು. 900 ದಿರ್ಹಮ್!

ಕೆಳಗೆ ಸುಣ್ಣದ ನೀರಿನಲ್ಲಿ, ಪಾರಿವಾಳದ ಹಿಕ್ಕೆಯ ನೀರಿನಲ್ಲಿ ನಿಜವಾದ ತೊಗಲು ನೆನೆಯುತ್ತಿತ್ತು. ಅದನ್ನೇ ತೋರಿಸುತ್ತಾ ಅಂಗಡಿಯವನು ಕೆಂಪು ಬ್ಯಾಗೊಂದನ್ನು ಕೈಗಿಟ್ಟ. “ಅಪ್ಪಟ ಮೇಕೆ ಚರ್ಮ. ಯುರೋಪಿನವರು ಒಳ್ಳೆಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದದ್ದು ಇದರಲ್ಲೇ. ಅದಕ್ಕೇ ನಮ್ಮ ದೇಶದ ಹೆಸರಿಟ್ಟರು” ಎಂದ. ನಿಜವಾದ ಚರ್ಮವೆಂದು ನಂಬಿಸಲು ಲೈಟರ್ ಹಚ್ಚಿಯೂ ತೋರಿಸಿದ. ಬೆಂಕಿ ತಾಗಿಸಿದ್ದು ಬ್ಯಾಗಿಗಲ್ಲ, ಮೇಜಿನ ಮೇಲಿದ್ದ ಬೇರೊಂದು ತುಂಡಿಗೆ. ಬ್ಯಾಗಿಗಲ್ಲ!

ಮಳೆಗಾಲ ಮುಗಿಯುವಷ್ಟರಲ್ಲಿ ಹಿಡಿಯ ಬಳಿ ಬಣ್ಣ ಪೊರೆಪೊರೆಯಾಗಿ ಎದ್ದು ಬಂತು. ನಮ್ಮ ಬಡಾವಣೆಯ ಚಪ್ಪಲಿ ಹೊಲಿಯುವ ಹಿರಿಯರು ಮಡಚಿದ ಅಂಚನ್ನು ಬಿಡಿಸಿ, ಒಳಗಿನ ಬಿಳಿ ಬಟ್ಟೆಯನ್ನು ತೋರಿಸಿ, “ಇದು ರೆಕ್ಸಿನ್ ಅಮ್ಮ” ಎಂದರು. ಸುತ್ತ ಜನ ನಿಂತಿದ್ದರು. ನೆಂಟರಿಗೆಲ್ಲ ಮೇಕೆ ಚರ್ಮವೆಂದು ಹೇಳಿಕೊಂಡು ತಿರುಗಿದ್ದ ಬ್ಯಾಗ್ ಅದು. ತಲೆ ಎತ್ತಲಾಗಲಿಲ್ಲ.

ವಾಟ್ಸಾಪ್‌ನಲ್ಲಿ ಆ ಅಂಗಡಿಯವನನ್ನು ಕೇಳಿದರೆ ಮೊದಲ ಉತ್ತರ: “ನಿಮ್ಮ ಊರಿನಲ್ಲಿ ತೇವ ಹೆಚ್ಚು, ಅದು ಚರ್ಮಕ್ಕೆ ಆಗುವುದಿಲ್ಲ.” ಬಟ್ಟೆಯ ಫೋಟೊ ಕಳಿಸಿದೆ. ಆಮೇಲೆ ಬಂದದ್ದು ನೋಡಿ: “ಮೇಡಂ, ಬ್ಯಾಗ್ ಹೊಲಿದದ್ದು ಮೊರಾಕೊದಲ್ಲಿ. ಆದ್ದರಿಂದ ಅದು ಮೊರಾಕೊ ಲೆದರ್.”

ಈ ಮಾತಿಗೆ ನನ್ನ ಮೈ ಉರಿದುಹೋಯಿತು. ಆ ಹೆಸರು ಹೊಲಿಗೆಯಿಂದ ಬಂದದ್ದಲ್ಲ. ಮೇಕೆಯ ತೊಗಲನ್ನು ಸುಮಾಕ್ ಗಿಡದ ಸೊಪ್ಪಿನಲ್ಲಿ ಹದಮಾಡಿ, ಹೆಚ್ಚಾಗಿ ಕೆಂಪು ಬಣ್ಣ ಕಟ್ಟಿದ ಆ ಕಸುಬಿನಿಂದ ಬಂದದ್ದು. ಅದರಲ್ಲಿ ಎಷ್ಟೋ ಚರ್ಮ ಇಂದಿನ ನೈಜೀರಿಯಾದ ಕಾನೊ, ಸೊಕೊಟೊ ಕಡೆಯ ಹೌಸಾ ಜನರದು. ಒಂಟೆಗಳ ಮೇಲೆ ಸಹಾರಾ ದಾಟಿ ಮೊರಾಕೊಗೆ ಬರುತ್ತಿತ್ತು. ಯುರೋಪಿನವರು ಕೊಂಡದ್ದು ಅಲ್ಲಿ, ಹಾಗಾಗಿ ಆ ಹೆಸರು. ಶತಮಾನಗಳ ಕೈಕೆಲಸ ಗಳಿಸಿದ ಹೆಸರನ್ನು ಪ್ಲಾಸ್ಟಿಕ್ ಹಚ್ಚಿದ ಬಟ್ಟೆಗೆ ಅಂಟಿಸುತ್ತಾರೆ, ಕೇಳಿದರೆ ನನಗೇ ಪಾಠ ಹೇಳುತ್ತಾರೆ! ಅಲ್ಲೇ ಕೆಳಗೆ ಗುಂಡಿಗಿಳಿದು ದುಡಿಯುವವರಿಗೂ ಇದು ಅನ್ಯಾಯ.

ಹಣ ವಾಪಸ್ ಕೇಳಿದ್ದಕ್ಕೆ, “ಮುಂದಿನ ಸಲ ಬನ್ನಿ, ರಿಯಾಯಿತಿ ಕೊಡುತ್ತೇನೆ” ಎಂದ. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ.

ಕೊಳ್ಳುವ ಮುನ್ನ ಕತ್ತರಿಸಿದ ಅಂಚನ್ನು ನೋಡಿ. ಅಂಚು ತೋರಿಸದಿದ್ದರೆ ಎದ್ದು ಬನ್ನಿ. ಬಿಲ್ಲಿನಲ್ಲಿ ‘ಮೇಕೆ ಚರ್ಮ’ ಎಂದು ಬರೆಸಿಕೊಳ್ಳಿ. ನನಗೆ ಕೊಟ್ಟ ಚೀಟಿಯಲ್ಲಿ ‘ಬ್ಯಾಗ್’ ಎಂದಷ್ಟೇ ಇದೆ.