ಮಿಗ್-21 ಕಾಕ್‌ಪಿಟ್‌ಗೆ ಯಾವುದು ವಾಸಿ: ಕುಂಚವೋ, ಎಚ್ ತಗಡೋ, ರೆಸಿನ್ನೋ, ತ್ರೀಡಿ ಡಿಕಾಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತ್ರೀಡಿ ಡಿಕಾಲ್‌ಗೆ. ಮಿಗ್-21 ಬಿಸ್ ಯುದ್ಧವಿಮಾನದ 1/48 ಅಳತೆಯ ಪ್ಲಾಸ್ಟಿಕ್ ಮಾದರಿ ಕಟ್ಟುವವರು, ಅದರಲ್ಲೂ ಬೆಳಗಾವಿಯ ಮಳೆಗಾಲದಲ್ಲಿ ಕೂತು ಕಟ್ಟುವವರು, ಕಾಕ್‌ಪಿಟ್‌ಗೆಂದು ಒಂದೇ ಒಂದು ವಸ್ತುವಿಗೆ ದುಡ್ಡು ಹಾಕುವುದಿದ್ದರೆ ಅದಕ್ಕೇ ಹಾಕಿ. ಕಿಟ್‌ನ ಪ್ಲಾಸ್ಟಿಕ್ಕಿಗೆ ಕುಂಚದಲ್ಲೇ ಬಣ್ಣ ಹಚ್ಚುವುದು, ಬಣ್ಣ ಮುದ್ರಿಸಿದ ಫೋಟೋ-ಎಚ್ ತಗಡು (ರಾಸಾಯನಿಕದಿಂದ ಕೊರೆದ ತೆಳು ಲೋಹದ ಹಾಳೆ), ರೆಸಿನ್ ಎಂಬ ರಾಳದಲ್ಲಿ ಎರಕ ಹೊಯ್ದ ಪೂರ್ತಿ ಕಾಕ್‌ಪಿಟ್, ಉಬ್ಬುಮುದ್ರಣದ ತ್ರೀಡಿ ಡಿಕಾಲ್ ಈ ನಾಲ್ಕನ್ನೂ ಬೇರೆ ಬೇರೆ ಮಿಗ್‌ಗಳ ಮೇಲೆ ಮಾಡಿ ನೋಡಿದ್ದೇನೆ.

ಕಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೆಕ್ ದೇಶದ ಎಡ್ವರ್ಡ್‌ನವರ 1/48 ಮಿಗ್-21 ಈ ಹವ್ಯಾಸದಲ್ಲಿ ಇರುವವರಿಗೆಲ್ಲ ಗೊತ್ತು. ವಿಮಾನದ ಬಗ್ಗೆಯೂ ಅಷ್ಟೇ. 1963ರಲ್ಲಿ ನಮ್ಮ ವಾಯುಪಡೆಗೆ ಬಂದದ್ದು, 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಬೀಳ್ಕೊಡುಗೆ ಆಯಿತು. ಆಮೇಲೆ ನನ್ನ ಪರಿಚಯದ ಎಷ್ಟೋ ಮಂದಿ ಅಟ್ಟದ ಮೇಲಿದ್ದ ಮಿಗ್ ಡಬ್ಬಿ ಕೆಳಗಿಳಿಸಿದ್ದಾರೆ, ಮತ್ತು ಎಲ್ಲರೂ ಮೊದಲು ಕೇಳುವುದು ಕಾಕ್‌ಪಿಟ್‌ಗೆ ಏನು ತರಿಸಲಿ ಅಂತಲೇ.

ಅದಕ್ಕೆ ಉತ್ತರ ಕೊಡುವ ಮುಂಚೆ ನಾನು ಒಂದು ತಿರುಗಿ ಕೇಳುತ್ತೇನೆ: ಕ್ಯಾನಪಿ, ಅಂದರೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ, ತೆರೆದಿಡುತ್ತೀರೋ, ಮುಚ್ಚಿಡುತ್ತೀರೋ? ಬಿಸ್‌ನ ಕ್ಯಾನಪಿ ಬಲಗಡೆಗೆ ಮಗುಚಿ ತೆರೆದುಕೊಳ್ಳುತ್ತದೆ. ತೆರೆದಿಟ್ಟರೆ ಎಡಗಡೆ ನಿಂತವರಿಗೆ ಮಾಪಕಗಳ ಫಲಕ, ಪಕ್ಕದ ಸ್ವಿಚ್ಚುಗಳ ಕನ್ಸೋಲ್, ಸೀಟಿನ ಬೆಲ್ಟು ಎಲ್ಲ ಕಾಣುತ್ತದೆ. ಮುಚ್ಚಿಟ್ಟರೆ ಸೀಟಿನ ಮೇಲ್ಭಾಗ ಬಿಟ್ಟು ಹೆಚ್ಚೇನೂ ಕಾಣುವುದಿಲ್ಲ. ಮುಚ್ಚಿಡುವವರು ಕಿಟ್‌ನಲ್ಲಿ ಬಂದದ್ದನ್ನೇ ನೀಟಾಗಿ ಬಣ್ಣ ಮಾಡಿಕೊಳ್ಳಲಿ, ಕಾಕ್‌ಪಿಟ್ ಸೆಟ್ಟಿನ ದುಡ್ಡಲ್ಲಿ ಒಳ್ಳೆಯ ಕುಂಚ ಬರುತ್ತದೆ. ನಾನು ಯಾವಾಗಲೂ ತೆರೆದಿಡುವವನು, ಮುಂದಿನದೆಲ್ಲ ಆ ಲೆಕ್ಕದಲ್ಲೇ.

ಕುಂಚದ ದಾರಿಯಲ್ಲೇ ನಾನು ಕಲಿತದ್ದು, ಅದರ ಮೇಲೆ ಪ್ರೀತಿ ಇನ್ನೂ ಇದೆ. ಒಳಗೆಲ್ಲ ಮಿಗ್ ಕಾಕ್‌ಪಿಟ್ಟಿನ ಆ ಹಸಿರು-ನೀಲಿ ಬಣ್ಣ ಹಚ್ಚಿ, ಮೇಲೆ ಹೊಳಪು ಕೊಡುವ ಗ್ಲಾಸ್ ವಾರ್ನಿಶ್ ಕೊಟ್ಟು, ಖಡೇಬಜಾರಿನಲ್ಲಿ ಸಿಗುವ ಕಲಾವಿದರ ಆಯಿಲ್ ಪೇಂಟ್‌ನ ಅಂಬರ್ ಎಂಬ ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಸಂದುಗಳಿಗೆ ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಅದು ಒಣಗಿದ ಮೇಲೆ ಅದೇ ಹಸಿರು-ನೀಲಿಗೆ ಬಿಳಿ ಬೆರೆಸಿ, ಕುಂಚವನ್ನು ಬಟ್ಟೆಗೆ ಒರೆಸಿ ಒರೆಸಿ ಬಹುಮಟ್ಟಿಗೆ ಒಣಗಿಸಿ, ಉಬ್ಬುಗಳ ಮೇಲೆ ಸವರಿದರೆ ಒಂದೊಂದು ಸ್ವಿಚ್ಚೂ ಎದ್ದು ಬರುತ್ತದೆ. ತೊಂದರೆ ಇರುವುದು ಮಾಪಕಗಳಲ್ಲಿ. ನಿಜವಾದ ವಿಮಾನದಲ್ಲಿ 80 ಮಿಲಿಮೀಟರ್ ಅಗಲ ಇರುವ ಮಾಪಕ 1/48ರಲ್ಲಿ ಸುಮಾರು 1.7 ಮಿಲಿಮೀಟರ್ ಆಗುತ್ತದೆ. ಸಾಸಿವೆ ಕಾಳಿನಷ್ಟು ಜಾಗದಲ್ಲಿ ಅಂಕಿ, ಗೆರೆ, ಮುಳ್ಳು ಎಲ್ಲ ಬರಬೇಕು. ಕಪ್ಪು ಹಚ್ಚಿ, ಸೂಜಿಮೊನೆಯಲ್ಲಿ ಬಿಳಿ ಮುಳ್ಳು ಇಟ್ಟು, ಹಲ್ಲುಕಡ್ಡಿ ತುದಿಯಿಂದ ಒಂದು ತೊಟ್ಟು ಗ್ಲಾಸ್ ವಾರ್ನಿಶ್ ಬಿಟ್ಟರೆ ಒಂದು ಮೊಳ ದೂರದಿಂದ ಚೆಂದ ಕಾಣುತ್ತದೆ. ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿದರೆ ಮಾತ್ರ ಬರೀ ಚುಕ್ಕೆಗಳು. ಇದಕ್ಕಿಂತ ಚಿಕ್ಕ ಅಳತೆಯಾದ 1/72ರಲ್ಲಿ ಈಗಲೂ ನಾನು ಕುಂಚ ಬಿಟ್ಟು ಬೇರೆ ಯೋಚಿಸುವುದಿಲ್ಲ.

ಇನ್ನು ಫೋಟೋ-ಎಚ್ ತಗಡು. ಡಬ್ಬಿ ತೆರೆದಾಗ ಇದರಷ್ಟು ಆಸೆ ಹುಟ್ಟಿಸುವುದು ಇನ್ನೊಂದಿಲ್ಲ. ಫಲಕ ಎರಡು ಪದರದಲ್ಲಿ ಇರುತ್ತದೆ: ಹಿಂದಿನ ತಗಡಿನ ಮೇಲೆ ಮಾಪಕಗಳ ಮುಖ ಮುದ್ರಿಸಿರುತ್ತಾರೆ, ಮುಂದಿನ ತಗಡಿನಲ್ಲಿ ಅದಕ್ಕೆ ಸರಿಯಾಗಿ ತೂತುಗಳು. ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಮಾಪಕಗಳು ಒಳಗೆ ತಗ್ಗಿನಲ್ಲಿ ಇರುವಂತೆ ಕಾಣುತ್ತವೆ. ಮುದ್ರಣ ಎಷ್ಟು ಸಣ್ಣದೆಂದರೆ ಭೂತಗನ್ನಡಿಯಲ್ಲಿ ಅಂಕಿ ಓದಬಹುದು.

ಗೋಳು ಶುರುವಾಗುವುದು ಅಂಟಿನಲ್ಲಿ. ಲೋಹವನ್ನು ಪ್ಲಾಸ್ಟಿಕ್ ಸಿಮೆಂಟ್ ಹಿಡಿಯುವುದಿಲ್ಲ, ಆದ್ದರಿಂದ ಎಲ್ಲರೂ ಸೂಪರ್ ಗ್ಲೂ, ಅಂದರೆ ಸೈನೋಅಕ್ರಿಲೇಟ್ ಬಳಸುತ್ತಾರೆ. ಈ ಅಂಟು ಗಟ್ಟಿಯಾಗುವುದೇ ತೇವದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಲ್ಲಿ ತೇವಕ್ಕೆ ಬರವೇ? ಘಟ್ಟದ ಕಡೆಯಿಂದ ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ, ಹಗ್ಗದ ಮೇಲಿನ ಬಟ್ಟೆ ದಿನಗಟ್ಟಲೆ ಹಸಿ, ಗೋಡೆ ಮುಟ್ಟಿದರೆ ಕೈ ತಂಪು. ಇಂಥ ಗಾಳಿಯಲ್ಲಿ ಅಂಟು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದುಬಿಡುತ್ತದೆ. ಮುಂದಿನ ತಗಡನ್ನು ಒಂದು ಕೂದಲೆಳೆ ಸರಿಸಲೂ ಸಮಯ ಸಿಗುವುದಿಲ್ಲ.

ಅದಾದರೂ ಸಹಿಸಬಹುದು. ಅಸಲಿ ಸಂಕಟ ಮರುದಿನ ಬೆಳಗ್ಗೆ ಕಾಣುತ್ತದೆ. ಅಂಟು ಗಟ್ಟಿಯಾಗುವ ಮುಂಚೆ ಅದರಿಂದ ಆವಿ ಏಳುತ್ತದೆ. ಆ ಆವಿ ಗಾಳಿಯ ತೇವಕ್ಕೆ ತಾಗಿ ಅಲ್ಲೇ ಗಟ್ಟಿಯಾಗಿ, ಬಿಳಿ ಪುಡಿಯಾಗಿ ಸುತ್ತಮುತ್ತ ಕೂರುತ್ತದೆ. ತೇವ ಹೆಚ್ಚಿದಷ್ಟೂ, ಗಾಳಿ ಆಡದಷ್ಟೂ ಪುಡಿ ಹೆಚ್ಚು. ಎರಡು ತಗಡಿನ ನಡುವಿನ ಆ ಸಣ್ಣ ತಗ್ಗಿಗಿಂತ ಗಾಳಿ ಆಡದ ಜಾಗ ಮತ್ತೊಂದಿಲ್ಲ. ಹಾಗಾಗಿ ಪುಡಿ ನೇರ ಮಾಪಕದ ಮುಖದ ಮೇಲೇ ಬಂದು ಕೂರುತ್ತದೆ. ರಾತ್ರಿ ಕಪ್ಪಗೆ ಮಿಂಚುತ್ತಿದ್ದ ಮಾಪಕ ಬೆಳಗ್ಗೆ ಮಂಜು ಕವಿದಂತೆ ಬೂದು. ಅಸಿಟೋನ್ ಹಚ್ಚಿ ತೆಗೆಯೋಣ ಎಂದರೆ ಪುಡಿಯ ಜೊತೆ ಮುದ್ರಣವೂ ಎದ್ದುಬರುತ್ತದೆ. ಒದ್ದೆ ಹತ್ತಿಯಿಂದ ಒರೆಸೋಣ ಎಂದರೆ ಆ ತೂತಿನೊಳಗೆ ಹತ್ತಿ ಹೋಗುವುದೇ ಇಲ್ಲ. ಗ್ಲಾಸ್ ವಾರ್ನಿಶ್ ತೊಟ್ಟು ಬಿಟ್ಟರೆ ಮಂಜು ತುಸು ಕರಗಿದಂತೆ ಕಾಣುತ್ತದೆ, ಪೂರ್ತಿ ಹೋಗುವುದಿಲ್ಲ. ಇದೇ ಅಂಟನ್ನು ಕಾಕ್‌ಪಿಟ್ ಒಳಗೆ ಬಳಸಿ, ಅದು ಪೂರ್ತಿ ಆರುವ ಮುಂಚೆ ಮೇಲೆ ಕ್ಯಾನಪಿ ಕೂರಿಸಿದಿರೋ, ಪಾರದರ್ಶಕ ಪ್ಲಾಸ್ಟಿಕ್ಕಿಗೂ ಒಳಗಿನಿಂದ ಅದೇ ಗತಿ.

ಇದಕ್ಕೆ ದಾರಿಗಳಿವೆ, ಎಲ್ಲವನ್ನೂ ಹಿಡಿದಿದ್ದೇನೆ. ವಾಸನೆ ಕಡಿಮೆ ಇರುವ ಸೈನೋಅಕ್ರಿಲೇಟ್ ಬರುತ್ತದೆ, ಅದರಿಂದ ಆವಿ ಹೆಚ್ಚು ಏಳುವುದಿಲ್ಲ, ಪುಡಿಯೂ ಕೂರುವುದಿಲ್ಲ. ಬೆಲೆ ಜಾಸ್ತಿ, ಹಿಡಿತ ಸ್ವಲ್ಪ ಕಡಿಮೆ, ಹೊರಗಿಂದ ತರಿಸಬೇಕು. ಅದಕ್ಕಿಂತ ಒಳ್ಳೆಯ ಉಪಾಯ, ಎರಡು ಪದರದ ನಡುವೆ ಅಂಟೇ ಬೇಡ ಎನ್ನುವುದು. ಹಿಂದಿನ ತಗಡಿನ ಮೇಲೆ ತೆಳ್ಳಗೆ ಗ್ಲಾಸ್ ವಾರ್ನಿಶ್ ಸವರಿ, ಮುಂದಿನದನ್ನು ಅದರ ಮೇಲೆ ಇಟ್ಟು, ಸರಿಸಿ ಸರಿಸಿ ತೂತು ಹೊಂದಿಸಿ ಬಿಟ್ಟುಬಿಡಿ. ವಾರ್ನಿಶ್ಶೇ ಅಂಟಾಗುತ್ತದೆ, ತೂತಿನೊಳಗೆ ಏರಿದ್ದು ಗಾಜಿನಂತೆ ಹೊಳೆಯುತ್ತದೆ. ಮಳೆಗಾಲದಲ್ಲಿ ಇದು ಆರಲು ಒಂದು ರಾತ್ರಿ ಪೂರ್ತಿ ಬೇಕು, ಅಷ್ಟೇ. ಎಚ್ ತಗಡನ್ನೇ ಬಳಸುತ್ತೇನೆ ಎನ್ನುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಫಲಕ ಹೀಗೆ ಉಳಿಯಿತು ಅಂದುಕೊಂಡರೂ ಬೆಲ್ಟು ಇದೆಯಲ್ಲ. ತಗಡಿನ ಬೆಲ್ಟು ಚಪ್ಪಟೆ, ಬಟ್ಟೆಯ ದಪ್ಪ ಇಲ್ಲ. ಬೆಂಕಿಗೆ ಹಿಡಿದು ಮೆತ್ತಗೆ ಮಾಡೋಣ ಎಂದರೆ ಮುದ್ರಿಸಿದ ಬಣ್ಣ ಸುಡುತ್ತದೆ, ಹಾಗೇ ಬಾಗಿಸಿದರೆ ಮಡಿಕೆಯಲ್ಲಿ ಬಣ್ಣ ಸೀಳುತ್ತದೆ. ಕನ್ಸೋಲಿನ ಅಂಚುಗಳನ್ನು ನೇರವಾಗಿ ಮಡಿಸಲು ಉದ್ಯಮಬಾಗದ ಮಷಿನ್ ಶಾಪಿನಲ್ಲಿ ದುಡಿಯುವ ಗೆಳೆಯ ಗ್ರೈಂಡ್ ಮಾಡಿದ ಎರಡು ಉಕ್ಕಿನ ಪಟ್ಟಿ ಕೊಟ್ಟಿದ್ದಾನೆ, ಅವುಗಳ ನಡುವೆ ತಗಡು ಹಿಡಿದು ಬ್ಲೇಡಿನಿಂದ ಎತ್ತುತ್ತೇನೆ. ಮಡಿಸುವ ಉಪಕರಣಕ್ಕೆಂದು ಮಾರುವುದಕ್ಕಿಂತ ಚೆನ್ನಾಗಿ ಕೆಲಸ ಕೊಡುತ್ತದೆ. ಬೆಳಗಾವಿಯಲ್ಲಿ ಇರುವುದರ ಲಾಭಗಳಲ್ಲಿ ಇದೂ ಒಂದು.

ರೆಸಿನ್ ಕಾಕ್‌ಪಿಟ್ ನೋಡಲು ನಾಲ್ಕರಲ್ಲೂ ಶ್ರೀಮಂತ, ಅದರಲ್ಲಿ ಎರಡು ಮಾತಿಲ್ಲ. ಬೆಲೆ ಕಿಟ್‌ನ ಬೆಲೆಯ ಹತ್ತಿರ ಹೋಗುತ್ತದೆ, ಕಸ್ಟಮ್ಸ್ ಬೇರೆ. ಮಿಗ್-21ರ ಮೂತಿ ಇಡೀ ಗಾಳಿ ಎಳೆಯುವ ಕೊಳವೆ, ಕಾಕ್‌ಪಿಟ್ಟಿನ ಕೆಳಗೆ ಮುಂದಿನ ಚಕ್ರದ ಗೂಡು, ಎಲ್ಲ ಒತ್ತೊತ್ತಾಗಿ ಇದೆ. ನಾನು ತರಿಸಿದ ಸೆಟ್ಟು ಹಾಗೇ ಇಟ್ಟರೆ ವಿಮಾನದ ಎರಡು ಹೋಳು ಕೂಡುತ್ತಲೇ ಇರಲಿಲ್ಲ. ಪ್ಲಾಸ್ಟಿಕ್ ಗೋಡೆಯನ್ನು ಒಳಗಿನಿಂದ ಕೆರೆದು, ರೆಸಿನ್ನಿನ ತಳವನ್ನು ಉಜ್ಜಿ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತೆಳ್ಳಗೆ ಮಾಡಿದ ಮೇಲೆ ಒಳಗೆ ಕೂತಿತು. ಉಜ್ಜುವಾಗ ನೀರು ಹಾಕಿ ಉಜ್ಜಿ, ಮುಖಕ್ಕೆ ಮಾಸ್ಕ್ ಇರಲಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿರುವವರು ಈ ಕೆಲಸವನ್ನು ಒಳಗೆ ಮಾಡಲೇಬೇಡಿ. ಆದರೆ ರೆಸಿನ್ ಸೀಟು ಬಿಡಿಯಾಗಿಯೂ ಸಿಗುತ್ತದೆ. ಬಿಸ್‌ನ ಕೆಎಂ-1 ಸೀಟು ಬೆಲ್ಟಿನ ಮಡಿಕೆ ಸಮೇತ ಎರಕದಲ್ಲೇ ಬಂದಿರುತ್ತದೆ, ಬಣ್ಣ ಹಚ್ಚಿ ಇಟ್ಟರೆ ಮುಗಿಯಿತು. ದುಡ್ಡು ಮಿಕ್ಕಿದ್ದರೆ ಅದೊಂದನ್ನು ಕೊಳ್ಳಿ.

ಈಗ ನನ್ನ ಮೆಚ್ಚಿನ ತ್ರೀಡಿ ಡಿಕಾಲ್. ಕ್ವಿಂಟಾ ಸ್ಟುಡಿಯೋದವರು ಇದನ್ನು ಮಾಡುತ್ತಾರೆ, ಎಡ್ವರ್ಡ್‌ನವರೂ ಸ್ಪೇಸ್ ಎಂಬ ಹೆಸರಲ್ಲಿ ಮಾಡುತ್ತಾರೆ. ನೋಡಲು ಡಿಕಾಲ್ ಹಾಳೆಯೇ, ಆದರೆ ಮೇಲೆ ಬೆರಳಾಡಿಸಿದರೆ ಸ್ವಿಚ್ಚು, ಗುಂಡಿ, ಮಾಪಕದ ಅಂಚು ಎಲ್ಲ ಉಬ್ಬಿ ಕೈಗೆ ತಗಲುತ್ತವೆ. ಬಣ್ಣವೂ ಅದರಲ್ಲೇ, ಮಾಪಕದ ಗಾಜಿನ ಹೊಳಪೂ ಅದರಲ್ಲೇ. ಕಿಟ್‌ನ ಫಲಕದ ಮೇಲಿನ ಉಬ್ಬುಗಳನ್ನು ಉಳಿಯಿಂದ ಕೆರೆದು, ಮರಳು ಕಾಗದದಿಂದ ಸಮತಟ್ಟು ಮಾಡಿ, ಡಿಕಾಲನ್ನು ನೀರಲ್ಲಿ ಬಿಟ್ಟು ಜಾರಿಸಿಕೊಂಡು ಅಂಟಿಸುವುದು. ಅದರ ಸ್ವಂತ ಅಂಟು ಸಾಲದು, ಕೆಳಗೆ ತೆಳ್ಳಗೆ ಫೆವಿಕಾಲ್ ಸವರುತ್ತೇನೆ. ಮೂಲೆಯ ಕಿರಾಣಿ ಅಂಗಡಿಯಲ್ಲೂ ಸಿಗುವ ಅದೇ ಫೆವಿಕಾಲ್. ಹೆಚ್ಚಾದದ್ದನ್ನು ಒದ್ದೆ ಕುಂಚದಿಂದ ಎಳೆದುಬಿಟ್ಟರೆ ಆಯಿತು, ಆವಿ ಇಲ್ಲ, ಬಿಳಿ ಪುಡಿ ಇಲ್ಲ, ಸರಿಸಲು ಬೇಕಾದಷ್ಟು ಸಮಯ. ಮಳೆಗಾಲಕ್ಕೆ ಇದಕ್ಕಿಂತ ಹೇಳಿಮಾಡಿಸಿದ ಕೆಲಸ ನನಗೆ ಗೊತ್ತಿಲ್ಲ.

ಕುಂದುಗಳೂ ಇವೆ. ಡಿಕಾಲ್ ಮೆತ್ತಗೆ ಮಾಡುವ ದ್ರಾವಣ ಇದರ ಮೇಲೆ ಏನೂ ಮಾಡುವುದಿಲ್ಲ, ಆದ್ದರಿಂದ ತಳ ಸಮತಟ್ಟು ಇರಲೇಬೇಕು. ಬೆಲ್ಟುಗಳನ್ನು ಬಿಸಿನೀರಲ್ಲಿ ನೆನೆಸದೆ ಬಾಗಿಸಿದರೆ ಮುರಿಯುತ್ತವೆ. ಕೊನೆಯಲ್ಲಿ ಎಲ್ಲದರ ಮೇಲೆ ಮ್ಯಾಟ್ ವಾರ್ನಿಶ್ ಹೊಡೆದರೆ ಮಾಪಕದ ಹೊಳಪು ಸಾಯುತ್ತದೆ, ಆಮೇಲೆ ಒಂದೊಂದಕ್ಕೂ ಗ್ಲಾಸ್ ತೊಟ್ಟಿಡಬೇಕು. ಕೆರೆದ ಫಲಕ ಮತ್ತೆ ಬರುವುದಿಲ್ಲ ಎನ್ನುವುದೂ ನೆನಪಿರಲಿ.

ಬೆಳಗಾವಿ ಪಕ್ಕದ ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ಟ್ರೈನಿಂಗ್ ಸ್ಕೂಲ್ ಇರುವುದರಿಂದ ನಮ್ಮ ಊರಿಗೂ ವಾಯುಪಡೆಗೂ ಹಳೆಯ ನಂಟು. ನಮ್ಮ ಓಣಿಯಲ್ಲೇ ಮಿಗ್‌ಗಳ ಮೇಲೆ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರಿಗೆ ಈ ಬಿಸ್ ತೋರಿಸಿದಾಗ ಕನ್ನಡಕ ಹಣೆಗೆ ಏರಿಸಿ, ಮಾದರಿಯನ್ನು ಮೂಗಿನ ಹತ್ತಿರ ತಂದು, ಮಾಪಕ ಗೀಪಕ ಯಾವುದನ್ನೂ ನೋಡದೆ ಮೊದಲು ಫಲಕದ ನಡುವಿನ ಬಿಳಿ ಪಟ್ಟಿ ಹುಡುಕಿದರು. "ಪಟ್ಟಿ ಐತಿ. ಬರೋಬರಿ ಐತಿ" ಅಂದರು. ವಿಮಾನ ಸ್ಪಿನ್‌ಗೆ ಸಿಕ್ಕಿ ಗಿರಗಿರನೆ ತಿರುಗುತ್ತ ಬೀಳುವಾಗ ಪೈಲಟ್‌ಗೆ ದಿಕ್ಕೇ ತಿಳಿಯುವುದಿಲ್ಲ. ಆಗ ವಿಮಾನ ನಡೆಸುವ ಸ್ಟಿಕ್ಕನ್ನು ಆ ಪಟ್ಟಿಯ ನೇರಕ್ಕೆ ಮುಂದೆ ಒತ್ತಿದರೆ ಅದು ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ, ಸರಿಯಾಗಿ ನಡುವೆ ಇದೆ ಎಂದು ಖಾತ್ರಿ. ಆ ಕಾಲದ ಸೋವಿಯತ್ ಫೈಟರ್‌ಗಳಲ್ಲಿ ಹೀಗೆ ಪಟ್ಟಿ ಬಳಿಯುತ್ತಿದ್ದರು. ತ್ರೀಡಿ ಡಿಕಾಲಿನಲ್ಲಿ ಅದು ಮುದ್ರಿಸಿಯೇ ಬರುತ್ತದೆ. ಕುಂಚದವರು ಮೊದಲು ಬಿಳಿ ಹಚ್ಚಿ, ಅರ್ಧ ಮಿಲಿಮೀಟರ್ ಟೇಪಿನ ಎಳೆ ಅಂಟಿಸಿ, ಆಮೇಲೆ ಹಸಿರು-ನೀಲಿ ಹಚ್ಚಿ ಟೇಪು ಕೀಳಲಿ. ಉಲ್ಟಾ ಮಾಡಿದರೆ ಗೆರೆ ನೇರ ಬರುವುದಿಲ್ಲ.

ಬಣ್ಣದ ಹೊಂದಿಕೆ ಬಗ್ಗೆ ಒಂದು ಮಾತು. ತಗಡಾಗಲಿ ಡಿಕಾಲಾಗಲಿ, ಮುದ್ರಿಸಿದ ಹಸಿರು-ನೀಲಿ ನಿಮ್ಮ ಬಾಟಲಿಯ ಹಸಿರು-ನೀಲಿಗೆ ಕೂಡುವುದು ಅಪರೂಪ. ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು ಹಗಲು ಬೆಳಕಲ್ಲಿ ಬಣ್ಣ ಬೆರೆಸಿ, ಎಲ್‌ಇಡಿ ದೀಪದ ಕೆಳಗೆ ಬೇಡ.

ಲೆಕ್ಕ ಹೀಗಿದೆ. ನನ್ನ ಕೈಗೆ ಸಿಗುವುದು ರಾತ್ರಿ ಊಟದ ನಂತರದ ಒಂದೆರಡು ಗಂಟೆ, ತಿಂಗಳಿಗೆ ಹವ್ಯಾಸಕ್ಕೆಂದು ತೆಗೆದಿಡುವ ದುಡ್ಡೂ ಲೆಕ್ಕದ್ದೇ. ತ್ರೀಡಿ ಡಿಕಾಲಿಗೆ ನಾನು ಕೊಟ್ಟದ್ದು ರೆಸಿನ್ ಸೆಟ್ಟಿನ ಅರ್ಧಕ್ಕೂ ಕಡಿಮೆ, ತಗಡಿಗಿಂತ ತುಸು ಹೆಚ್ಚು, ಮತ್ತು ರೆಸಿನ್ ಉಜ್ಜುವುದರಲ್ಲಿ ಹೋಗುತ್ತಿದ್ದ ರಾತ್ರಿಗಳು ಉಳಿದವು. ರಜೆ ಇರುವವರು, ಉಜ್ಜುವ ಕೆಲಸದಲ್ಲೇ ಖುಷಿ ಕಾಣುವವರು ರೆಸಿನ್ ತರಿಸಲಿ. ಡಬ್ಬಿಯಲ್ಲೇ ತಗಡು ಬಂದಿದ್ದರೆ ಅದನ್ನು ಎಸೆಯಬೇಡಿ. ಫಲಕ ಬಿಟ್ಟು ಕ್ಯಾನಪಿ ಚೌಕಟ್ಟಿನ ಕನ್ನಡಿ, ಕೊಂಡಿಗಳಂಥ ತೆಳು ಭಾಗಗಳಿಗೆ ಅದು ಇಂದಿಗೂ ಉತ್ತಮ, ಮತ್ತು ಅವನ್ನು ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಅಂಟಿಸಿಕೊಂಡರೆ ಮಂಜಿನ ಕಾಟವೂ ಕಡಿಮೆ.