ಮೀನು, ಬೂಟು, ನೋಟ್‌ಬುಕ್: ಇರಾನಿನ ಮೂರು ಸಿನಿಮಾಗಳಲ್ಲಿ ಮೊದಲು ಯಾವುದು?

ವಿದೇಶಿ ಸಿನಿಮಾ ನೋಡ್ಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿ ನೋಡಿ. ಸಿನಿಮಾ ಹುಚ್ಚಿನವರು ಹತ್ತರಲ್ಲಿ ಎಂಟು ಮಂದಿ ಇರಾನಿನ ಕಡೆ ಕೈ ತೋರಿಸುತ್ತಾರೆ. ಅದರಲ್ಲೂ ‘ಚಿಲ್ಡ್ರನ್ ಆಫ್ ಹೆವನ್’. ಇರಾನಿನಿಂದ ಶುರು ಮಾಡಿ ಅನ್ನೋದಕ್ಕೆ ನನ್ನ ತಕರಾರಿಲ್ಲ. ಆದರೆ ಮೊದಲ ಸಿನಿಮಾ ಅದೇ ಯಾಕೆ ಆಗಬೇಕು ಅನ್ನೋದು ನನ್ನ ಪ್ರಶ್ನೆ. ಅದೇ ಸಾಲಿನಲ್ಲಿ ನಿಲ್ಲುವ ಇನ್ನೂ ಎರಡು ಇವೆ: ಅಬ್ಬಾಸ್ ಕಿಯರೋಸ್ತಮಿಯ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’ (1987) ಮತ್ತು ಜಾಫರ್ ಪನಾಹಿಯ ‘ದ ವೈಟ್ ಬಲೂನ್’ (1995). ಮಜೀದ್ ಮಜೀದಿಯ ‘ಚಿಲ್ಡ್ರನ್ ಆಫ್ ಹೆವನ್’ ಬಂದದ್ದು 1997ರಲ್ಲಿ. ಮೂರೂ ಒಂದೂವರೆ ಗಂಟೆಯ ಒಳಗೆ ಮುಗಿಯುತ್ತವೆ. ಮೂರರಲ್ಲೂ ಕಥೆ ಅಂದರೆ ಒಂದು ಮಗು, ಒಂದು ಸಣ್ಣ ವಸ್ತು, ಅಷ್ಟೇ.

ಕಿಯರೋಸ್ತಮಿಯ ಅಹ್ಮದ್ ಪಕ್ಕದಲ್ಲಿ ಕೂರುವ ಹುಡುಗನ ನೋಟ್‌ಬುಕ್ಕನ್ನು ಗೊತ್ತಿಲ್ಲದೆ ಮನೆಗೆ ತಂದಿರುತ್ತಾನೆ. ನಾಳೆ ಅದರಲ್ಲಿ ಹೋಂವರ್ಕ್ ಇರದಿದ್ದರೆ ಆ ಹುಡುಗನನ್ನು ಶಾಲೆಯಿಂದ ಹೊರಗೆ ಹಾಕುತ್ತೇನೆ ಎಂದು ಮೇಷ್ಟ್ರು ಹೇಳಿದ್ದಾರೆ. ಅವನ ಮನೆ ಪಕ್ಕದ ಊರಿನಲ್ಲಿದೆ, ಎಲ್ಲಿ ಅಂತ ಗೊತ್ತಿಲ್ಲ. ಪನಾಹಿಯ ಏಳು ವರ್ಷದ ರಜಿಯೆಗೆ ಹೊಸ ವರ್ಷದ ಹಬ್ಬಕ್ಕೆ ಅಂಗಡಿಯ ದಪ್ಪ ಗೋಲ್ಡ್ ಫಿಶ್ಶೇ ಬೇಕು. ಮಜೀದಿಯ ಅಲಿ ತಂಗಿಯ ಬೂಟನ್ನು ತರಕಾರಿ ಅಂಗಡಿಯಲ್ಲಿ ಕಳೆದುಹಾಕುತ್ತಾನೆ. ಅಪ್ಪನ ಹತ್ತಿರ ದುಡ್ಡಿಲ್ಲ ಎಂದು ಗೊತ್ತು, ಹಾಗಾಗಿ ಅಣ್ಣ ತಂಗಿ ಒಂದೇ ಜೊತೆ ಬೂಟಿನಲ್ಲಿ ಶಾಲೆಗೆ ಓಡಾಡುತ್ತಾರೆ. ಅವಳದು ಬೆಳಗಿನ ಶಾಲೆ, ಅವನದು ಆಮೇಲೆ.

ಮೂರನ್ನೂ ನಾನು ಬೇರೆ ಬೇರೆ ಕಾಲದಲ್ಲಿ ಒಬ್ಬನೇ ನೋಡಿದ್ದೆ. ಒಬ್ಬನೇ ನೋಡಿದರೆ ಮೂರೂ ಚೆನ್ನ. ಹೋಲಿಸಬೇಕು ಅಂದರೆ ಬೇರೆಯವರ ಜೊತೆ ಕೂತು ನೋಡಬೇಕು. ಮನೆಯಲ್ಲಿ ಟಿವಿಗೆ ಹಾಕಿ ಅಮ್ಮನಿಗೆ ತೋರಿಸಿದೆ, ರಜೆಗೆ ಬಂದಿದ್ದ ಅಕ್ಕನ ಮಕ್ಕಳಿಗೆ ತೋರಿಸಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಸಬ್‌ಟೈಟಲ್ ಬರುವ ಹೊತ್ತಿಗೆ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಬೇಕು. ಒಂದು ಸಿನಿಮಾ ಎಷ್ಟು ಮಾತಿನ ಮೇಲೆ ನಿಂತಿದೆ, ಎಷ್ಟು ನೋಟದ ಮೇಲೆ ನಿಂತಿದೆ ಅನ್ನೋದು ಆ ಕೆಲಸ ಮಾಡುವಾಗ ಚೆನ್ನಾಗಿ ಗೊತ್ತಾಗುತ್ತದೆ, ಗಂಟಲಿಗೆ!

ಇರಾನಿನಲ್ಲಿ ಮಕ್ಕಳ ಸಿನಿಮಾ ಇಷ್ಟು ಬೆಳೆದದ್ದಕ್ಕೆ ಕಾರಣಗಳಿವೆ. 1965ರಲ್ಲಿ ಇರಾನಿನ ದೊರೆ ಶಾಹನ ಹೆಂಡತಿ ಫರಾ ಪಹ್ಲವಿಯ ಆಶ್ರಯದಲ್ಲಿ ‘ಕಾನೂನ್’ ಎಂಬ ಮಕ್ಕಳ ಸಂಸ್ಥೆ ಶುರುವಾಯಿತು. ಅದರ ಸಿನಿಮಾ ವಿಭಾಗ ಕಟ್ಟಿದವರಲ್ಲಿ ಕಿಯರೋಸ್ತಮಿಯೂ ಒಬ್ಬ. 1970ರಲ್ಲಿ ಅವನ ಮೊದಲ ಕಿರುಚಿತ್ರ ಬಂದದ್ದೂ ಅಲ್ಲಿಂದಲೇ. 1979ರ ಕ್ರಾಂತಿಯ ನಂತರ ಶಾಹ ಹೋದ, ಕಾನೂನ್ ಉಳಿಯಿತು. ಸೆನ್ಸಾರ್ ಮಾತ್ರ ಬಿಗಿಯಾಯಿತು. ತೆರೆಯ ಮೇಲೆ ಹೆಂಗಸರು ಮನೆಯೊಳಗೂ ತಲೆ ಮುಚ್ಚಿಕೊಂಡೇ ಇರಬೇಕು, ಗಂಡ ಹೆಂಡತಿ ಕೈ ಹಿಡಿಯುವಂತಿಲ್ಲ. ದೊಡ್ಡವರ ಕಥೆ ಹೇಳುವುದೇ ಕಷ್ಟ. ಮಕ್ಕಳಿಗೆ ಈ ಕಟ್ಟುಪಾಡು ಅಷ್ಟಿಲ್ಲ. ದೊಡ್ಡವರ ಬಗ್ಗೆ ಹೇಳಬೇಕಾದ್ದನ್ನೂ ಮಕ್ಕಳ ಕಥೆಯೊಳಗೆ ಇಟ್ಟರು. ಹಾಗಾಗಿ ಈ ಸಿನಿಮಾಗಳಲ್ಲಿ ಮಗುವನ್ನು ಎಷ್ಟು ನೋಡುತ್ತೀರೋ ಸುತ್ತಲಿನ ದೊಡ್ಡವರನ್ನೂ ಅಷ್ಟೇ ನೋಡಬೇಕು. ನನ್ನ ಹೋಲಿಕೆ ನಿಂತಿರುವುದೂ ಅಲ್ಲೇ.

ಮೊದಲು ವೈಟ್ ಬಲೂನ್. ಇರಾನಿನ ಹೊಸ ವರ್ಷ ನೌರೂಜ್ ಶುರುವಾಗುವುದು ಮಾರ್ಚಿನಲ್ಲಿ ಹಗಲು ರಾತ್ರಿ ಸಮ ಆಗುವ ಆ ಗಳಿಗೆಗೇ. ಆದ್ದರಿಂದ ಪ್ರತಿ ವರ್ಷ ಹೊತ್ತು ಬೇರೆ. ಸಿನಿಮಾ ಶುರುವಾದಾಗ ಹಬ್ಬಕ್ಕೆ ಒಂದೂವರೆ ಗಂಟೆಯಷ್ಟು ಬಾಕಿ ಇದೆ ಎಂದು ರೇಡಿಯೊ ಹೇಳುತ್ತದೆ, ಸಿನಿಮಾ ಇರುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ರಜಿಯೆ ರಚ್ಚೆ ಹಿಡಿದು ಅಮ್ಮನಿಂದ 500 ತೊಮಾನಿನ ನೋಟು ಕಿತ್ತುಕೊಂಡು ಹೋಗುತ್ತಾಳೆ. ಮೀನಿಗೆ 100, ಉಳಿದದ್ದು ವಾಪಸ್ ತರಬೇಕು. ದಾರಿಯಲ್ಲಿ ಹಾವಾಡಿಗರ ಗುಂಪು. ಅಲ್ಲಿ ನೋಟು ಅವರ ಕೈಗೆ ಹೋಗುತ್ತದೆ. ಅಮ್ಮ ಆಗ ಟಿವಿಗೇ ಗದರಿದರು: “ಕೊಡ್ಬೇಡ್ವೇ ಹುಡುಗಿ, ಕೈ ಮುಚ್ಕೋ!” ಹೇಗೋ ವಾಪಸ್ ಸಿಗುತ್ತದೆ. ಆಮೇಲೆ ಆ ನೋಟು ಬಾಗಿಲು ಹಾಕಿದ ಅಂಗಡಿಯೊಂದರ ಮುಂದೆ, ಕಬ್ಬಿಣದ ಜಾಲರಿಯ ಕೆಳಗೆ ಬೀಳುತ್ತದೆ. ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ಉಳಿದರ್ಧ ಸಿನಿಮಾ ಆ ಜಾಲರಿಯ ಸುತ್ತಲೇ ನಡೆಯುತ್ತದೆ ಅಂದರೆ ನಂಬ್ತೀರಾ? ನಂಬಿ. ಅಕ್ಕನ ಚಿಕ್ಕ ಮಗ ಸೋಫಾದಿಂದ ಇಳಿದು ಟಿವಿ ಹತ್ತಿರ ಹೋಗಿ ಕೂತ.

ಇದರಲ್ಲಿ ಮಾತು ಜಾಸ್ತಿ. ಹಬ್ಬಕ್ಕೆ ಊರಿಗೆ ಹೋಗಲಾಗದ ಸೈನಿಕನೊಬ್ಬ ರಜಿಯೆಯ ಪಕ್ಕ ಕೂತು ಮಾತಾಡುವ ದೃಶ್ಯವಂತೂ ಪೂರ್ತಿ ಮಾತು. ಅವನು ಒಳ್ಳೆಯವನೋ, ದುಡ್ಡಿನ ಮೇಲೆ ಕಣ್ಣಿಟ್ಟವನೋ ಅನ್ನೋದು ಕೊನೆಯವರೆಗೂ ಬಿಡಿಸುವುದಿಲ್ಲ. ಅಲ್ಲಿ ಅನುವಾದ ಮಾಡಿ ನನಗೆ ಸಾಕಾಯಿತು. ಆದರೆ ಹುಡುಗಿಯ ಮುಖ ನೋಡಿದರೆ ಅರ್ಧ ಮಾತು ಬೇಡವೇ ಬೇಡ. ಹುಬ್ಬು ಗಂಟಿಕ್ಕುವುದು, ತುಟಿ ಮುಂದೆ ಮಾಡಿ ಸುಮ್ನೆ ನಿಲ್ಲುವುದು, ಅಳು ಬಂದರೂ ಹಟ ಬಿಡದಿರುವುದು. ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಏನಾದರೂ ಬೇಕು ಎಂದು ಕೂತ ಯಾವ ಮಗುವನ್ನಾದರೂ ನೆನಪಿಸಿಕೊಳ್ಳಿ.

ಚಿತ್ರಕಥೆ ಕಿಯರೋಸ್ತಮಿಯದು, ಪನಾಹಿ ಅವನ ಸಹಾಯಕನಾಗಿದ್ದವನು. ಆದರೆ ಗುರುವಿಗಿಂತ ಶಿಷ್ಯನಿಗೆ ಸಿಟ್ಟು ಹೆಚ್ಚು. ಅಪ್ಪ ಇಲ್ಲಿ ಕಾಣಿಸುವುದೇ ಇಲ್ಲ, ಬಚ್ಚಲಿನಿಂದ ಬರುವ ಗದರಿಕೆ ಮಾತ್ರ. ನೋಟು ಮೇಲೆ ಬರುವುದು ಬಲೂನ್ ಮಾರುವ ಅಫ್ಘಾನ್ ಹುಡುಗನ ಕೋಲಿನಿಂದ, ಅದರ ತುದಿಗೆ ಅಂಟಿಸಿದ ಚೂಯಿಂಗ್ ಗಮ್‌ನಿಂದ. ಕೆಲಸ ಆದ ತಕ್ಷಣ ರಜಿಯೆ ಮತ್ತು ಅವಳ ಅಣ್ಣ ಓಡುತ್ತಾರೆ. ಇಡೀ ಸಿನಿಮಾ ಯಾರ ಮೇಲೆ ನಮ್ಮ ಜೀವ ಇತ್ತೋ ಅವಳೇ ಅವನ ಕಡೆ ತಿರುಗಿ ನೋಡುವುದಿಲ್ಲ. ಕ್ಯಾಮೆರಾ ಮಾತ್ರ ಅವನ ಹತ್ತಿರ ಉಳಿಯುತ್ತದೆ, ಸಿನಿಮಾ ಅವನ ಮೇಲೇ ನಿಂತುಬಿಡುತ್ತದೆ. “ಅವನ ಮನೆ ಎಲ್ಲಿ?” ಎಂದು ಅಕ್ಕನ ದೊಡ್ಡ ಮಗಳು ಕೇಳಿದಳು. ಅದನ್ನು ಕೇಳಿಸಬೇಕು ಅಂತಲೇ ಪನಾಹಿ ಅಷ್ಟು ಹೊತ್ತು ನಮ್ಮನ್ನು ಮೀನಿನ ಹಿಂದೆ ಓಡಿಸಿದ್ದು. 1995ರಲ್ಲಿ ಫ್ರಾನ್ಸಿನ ಕಾನ್ ಸಿನಿಮಾ ಉತ್ಸವದಲ್ಲಿ ಮೊದಲ ಸಿನಿಮಾಗೆ ಕೊಡುವ ಕ್ಯಾಮೆರಾ ದೋರ್ ಇದಕ್ಕೆ ಸಿಕ್ಕಿತು. ಮುಂದೆ ಪನಾಹಿಗೆ ಸಿನಿಮಾ ಮಾಡದಂತೆ ನಿಷೇಧ, ಜೈಲು ಎಲ್ಲ ಆಯಿತು. 2025ರಲ್ಲಿ ಅದೇ ಕಾನ್‌ನಲ್ಲಿ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಕೂಡ ಬಂತು.

ಚಿಲ್ಡ್ರನ್ ಆಫ್ ಹೆವನ್‌ನಲ್ಲಿ ಇಂಥ ಮುಳ್ಳಿಲ್ಲ. ಅದೇ ಅದರ ಬಲ, ಅದೇ ಅದರ ಮಿತಿ. ಇಲ್ಲಿ ಕೆಟ್ಟವರು ಯಾರೂ ಇಲ್ಲ, ಬಡತನ ಒಂದೇ. ಒಂದು ಚಿಕ್ಕ ದೃಶ್ಯ ನನಗೆ ಇಡೀ ಸಿನಿಮಾಕ್ಕಿಂತ ಇಷ್ಟ. ಅಪ್ಪ ಮಸೀದಿಗೆ ಕೊಡಬೇಕಾದ ಸಕ್ಕರೆ ಗಟ್ಟಿಯನ್ನು ಕೂತು ಒಡೆಯುತ್ತಿರುತ್ತಾನೆ. ಮಗಳು ಚಹಾ ತಂದು ಕೊಡುತ್ತಾಳೆ, ಅದಕ್ಕೆ ಸಕ್ಕರೆ ಕೇಳುತ್ತಾನೆ. ಮುಂದೆಯೇ ರಾಶಿ ಇದೆ ಅಲ್ವಾ ಅಂದರೆ ಅದು ಮಸೀದಿಯದು ಅನ್ನುತ್ತಾನೆ. ಅಮ್ಮ ಅಲ್ಲಿ ಏನೂ ಹೇಳಲಿಲ್ಲ, ತಲೆ ಮಾತ್ರ ಆಡಿಸಿದರು. ಕಳೆದ ಬೂಟು ಬೇರೊಂದು ಹುಡುಗಿಯ ಕಾಲಲ್ಲಿ ಕಂಡಾಗ ಅಣ್ಣ ತಂಗಿ ಅವಳ ಮನೆವರೆಗೂ ಹಿಂಬಾಲಿಸಿ, ಅವಳ ಕುರುಡ ಅಪ್ಪನನ್ನು ನೋಡಿ ಸುಮ್ನೆ ವಾಪಸ್ ಬರುವುದೂ ಹಾಗೇ. ಮಾತೇ ಇಲ್ಲ. ನನ್ನ ಗಂಟಲಿಗೆ ಅತಿ ಕಡಿಮೆ ಕೆಲಸ ಕೊಟ್ಟ ಸಿನಿಮಾ ಇದೇ.

ಕೊನೆಯ ಓಟದ ಪಂದ್ಯ ಮಾತ್ರ ನನಗೆ ಸ್ವಲ್ಪ ಇರುಸುಮುರುಸು. ಮೂರನೇ ಬಹುಮಾನಕ್ಕೆ ಬೂಟು ಇದೆ, ಅಲಿಗೆ ಮೂರನೆಯವನೇ ಆಗಬೇಕು. ಐಡಿಯಾ ಅದ್ಭುತ. ಆದರೆ ಸ್ಲೋ ಮೋಷನ್, ಏದುಸಿರು, ತಂಗಿಯ ಮುಖದ ನೆನಪು ಎಲ್ಲ ಸೇರಿ ಅಲ್ಲಿ ಸಿನಿಮಾ ನಮ್ಮ ಕೈ ಹಿಡಿದು ಅಳಿಸುತ್ತದೆ. ಅಳು ಬರುತ್ತದೆ, ಅದು ಬೇರೆ ಮಾತು. ಮಕ್ಕಳಿಬ್ಬರೂ ಎದ್ದು ನಿಂತು ಕೂಗಿದರು. ವಿದೇಶಿ ಭಾಷೆಯ ಆಸ್ಕರ್‌ಗೆ ನಾಮನಿರ್ದೇಶನ ಪಡೆದ ಮೊದಲ ಇರಾನಿ ಸಿನಿಮಾ ಇದು. ಹಿಂದಿಯಲ್ಲಿ ಪ್ರಿಯದರ್ಶನ್ 2010ರಲ್ಲಿ ಇದನ್ನೇ ‘ಬಂ ಬಂ ಬೋಲೆ’ ಎಂದು ಮಾಡಿದರು. ಮೂರರಲ್ಲಿ ನಮ್ಮ ಕಡೆ ರೀಮೇಕ್ ಮಾಡಬಹುದು ಅನ್ನಿಸುವುದು ಇದೊಂದೇ. ಇದು ಹೊಗಳಿಕೆಯೋ ತೆಗಳಿಕೆಯೋ ನೀವೇ ಹೇಳಿ.

ಇನ್ನು ಕಿಯರೋಸ್ತಮಿ. ನನಗೆ ಮೂರರಲ್ಲಿ ದೊಡ್ಡದು ಇದೇ. ತೋರಿಸಲು ಕಷ್ಟವಾದದ್ದೂ ಇದೇ. ಉತ್ತರ ಇರಾನಿನ ಗಿಲಾನ್ ಪ್ರಾಂತ್ಯದ ಕೋಕರ್ ಎಂಬ ಹಳ್ಳಿ, ಗುಡ್ಡದ ಆಚೆ ಪೋಷ್ತೆ. ಗುಡ್ಡದ ಮೇಲೆ ಅಂಕುಡೊಂಕಾದ ಕಾಲುದಾರಿ, ತುದಿಯಲ್ಲಿ ಒಂದು ಮರ. ಆ ದಾರಿ ಅಲ್ಲಿ ಇರಲಿಲ್ಲ, ಸಿನಿಮಾಗೆಂದೇ ಮಾಡಿಸಿದ್ದು. ಅಹ್ಮದ್ ಅದನ್ನು ಹತ್ತುತ್ತಾನೆ, ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ. ಚಿಕ್ಕವನು ಎರಡನೇ ಸಲಕ್ಕೇ ಎದ್ದು ಹೋದ. ದೊಡ್ಡವಳು ಕೂತಳು, ಆದರೆ ನಡುವೆ ಎಷ್ಟೊತ್ತು ಇದೆ ಎಂದು ಕೇಳಿದಳು. ಬೈಯುವ ಹಾಗಿಲ್ಲ, ನಿಜಕ್ಕೂ ನಿಧಾನ.

ಸಬ್‌ಟೈಟಲ್ ವಿಷಯದಲ್ಲಿ ಮಾತ್ರ ಒಂದು ತಮಾಷೆ. ಅಹ್ಮದ್ ಹೇಳುವುದೆಲ್ಲ ಒಂದೇ ಮಾತು: ಅವನ ನೋಟ್‌ಬುಕ್ ನನ್ನ ಹತ್ತಿರ ಬಂದುಬಿಟ್ಟಿದೆ, ಕೊಟ್ಟು ಬರಬೇಕು. ತನ್ನ ಅಮ್ಮನಿಗೆ ಹೇಳುತ್ತಾನೆ. ಅವಳು ಹೋಂವರ್ಕ್ ಮಾಡು, ಮಗು ತೂಗು, ಬ್ರೆಡ್ ತಾ ಅನ್ನುತ್ತಾಳೆ. ಮತ್ತೆ ಹೇಳುತ್ತಾನೆ. ಅವಳು ಕಿವಿಗೇ ಹಾಕಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನು ಅನುವಾದ ನಿಲ್ಲಿಸಿದೆ, ಅಮ್ಮನೇ ಅವನ ಪರವಾಗಿ ಹೇಳತೊಡಗಿದರು. ಆಮೇಲೆ ತಾತ ಬರುತ್ತಾನೆ. ಜೇಬಿನಲ್ಲಿ ಸಿಗರೇಟು ಇದ್ದರೂ ಹುಡುಗನನ್ನು ಸಿಗರೇಟು ತರಲು ಓಡಿಸುತ್ತಾನೆ, ಶಿಸ್ತು ಕಲಿಯಲಿ ಅಂತ. ತನ್ನ ಅಪ್ಪ ವಾರಕ್ಕೊಂದು ಕಾಸು ಕೊಡುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಹೊಡೆಯುತ್ತಿದ್ದ, ಕಾಸು ಒಮ್ಮೊಮ್ಮೆ ಮರೆಯುತ್ತಿದ್ದ, ಹೊಡೆಯೋದನ್ನು ಮಾತ್ರ ಮರೆತದ್ದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಾನೆ. “ನಮ್ಮ ಮಾವನೂ ಥೇಟ್ ಹಿಂಗೇ” ಅಂದರು ಅಮ್ಮ. ಸಿನಿಮಾವನ್ನು ಅಲ್ಲೇ ನಿಲ್ಲಿಸಿಸಿ ಅಜ್ಜನ ಕಥೆ ಹೇಳಿದರು. ಬಾಕಿ ಎರಡು ಸಿನಿಮಾ ಅವರ ಬಾಯಿಂದ ಇಂಥದ್ದು ಏನೂ ಹೊರಡಿಸಲಿಲ್ಲ.

ಮಗುವಿನ ಮಾತು ಕೇಳುವ ವ್ಯವಧಾನ ಇರುವ ದೊಡ್ಡವರು ಇಲ್ಲಿ ಬೆರಳೆಣಿಕೆ. ಒಬ್ಬ ಮುದುಕ ಇದ್ದಾನೆ, ಮರದ ಬಾಗಿಲು ಮಾಡುತ್ತಿದ್ದವನು. ಊರಿನವರೆಲ್ಲ ಈಗ ಕಬ್ಬಿಣದ ಬಾಗಿಲು ಹಾಕಿಸುತ್ತಿದ್ದಾರೆ. ಅಹ್ಮದನಿಗೆ ದಾರಿ ತೋರಿಸುತ್ತೇನೆಂದು ಹೊರಟು, ತಾನು ಮಾಡಿದ ಬಾಗಿಲು ಕಿಟಕಿಗಳನ್ನೇ ತೋರಿಸುತ್ತ ಮೆಲ್ಲಗೆ ನಡೆಯುತ್ತಾನೆ. ಹುಡುಗನಿಗೆ ಹೊತ್ತಾಗುತ್ತಿದೆ, ಬಿಟ್ಟು ಓಡಲೂ ಮನಸ್ಸಿಲ್ಲ. ಪನಾಹಿ ಆಗಿದ್ದರೆ ಆ ಮುದುಕನ ಮೇಲೆ ಅನುಮಾನ ಹುಟ್ಟಿಸುತ್ತಿದ್ದ. ಮಜೀದಿ ಆಗಿದ್ದರೆ ಅವನ ಬಡತನ ತೋರಿಸುತ್ತಿದ್ದ. ಕಿಯರೋಸ್ತಮಿ ಹುಡುಗ, ಮುದುಕ ಇಬ್ಬರನ್ನೂ ಅವರವರ ನಡಿಗೆಗೆ ಬಿಟ್ಟುಬಿಡುತ್ತಾನೆ. ಕೊನೆ ಏನೆಂದು ನಾನು ಹೇಳುವುದಿಲ್ಲ. ನೋಟ್‌ಬುಕ್ ತೆರೆಯುವ ಆ ಒಂದು ಶಾಟ್ ಕೇಳಿ ತಿಳಿಯುವಂಥದ್ದಲ್ಲ.

ಹಾಗಾದರೆ ಮೊದಲು ಯಾವುದು? ಮನೆಯಲ್ಲಿ ಚಿಕ್ಕ ಮಕ್ಕಳೇ ಜಾಸ್ತಿ ಇದ್ದರೆ, ಓದುವ ಗೋಳೂ ಬೇಡ ಅಂದರೆ ಮಜೀದಿ. ಅದರಲ್ಲಿ ಸೋಲಿಲ್ಲ. ಆದರೆ ಮುಂದೆಯೂ ಇಂಥ ಸಿನಿಮಾ ನೋಡಬೇಕು ಅನ್ನುವವರಿಗೆ ನಾನು ವೈಟ್ ಬಲೂನ್ ಕೊಡುತ್ತೇನೆ. ಓಟದ ಪಂದ್ಯ ನೋಡಿ ಬಂದವರು ಕಿಯರೋಸ್ತಮಿಯ ಗುಡ್ಡದ ದಾರಿಯಲ್ಲೂ ಅಂಥದ್ದೇ ಉಬ್ಬರ ಕಾಯುತ್ತಾರೆ, ಸಿಗದೆ ಬೇಸರಪಡುತ್ತಾರೆ. ಜಾಲರಿ ಮುಂದೆ ಮುಕ್ಕಾಲು ಗಂಟೆ ಕೂತವರಿಗೆ ಗುಡ್ಡ ಹತ್ತುವುದು ಕಷ್ಟ ಆಗುವುದಿಲ್ಲ. ನನ್ನ ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ, ನೇರವಾಗಿ ಕಿಯರೋಸ್ತಮಿಯಿಂದಲೇ ಶುರು ಮಾಡಿಸಬೇಕು ಅನ್ನುತ್ತಾನೆ. ಅವನ ಮನೆಯಲ್ಲಿ ಮಕ್ಕಳಿಲ್ಲ.

ಕಿಯರೋಸ್ತಮಿಯದನ್ನು ಇಷ್ಟಪಟ್ಟವರಿಗೆ ಮುಂದಿನ ದಾರಿ ಸಿದ್ಧವಾಗಿದೆ. 1990ರ ಜೂನ್‌ನಲ್ಲಿ ಆ ಸೀಮೆಯಲ್ಲಿ ಭೂಕಂಪವಾಗಿ ಹತ್ತಾರು ಸಾವಿರ ಜನ ಸತ್ತರು. ಅಹ್ಮದ್ ಮತ್ತವನ ಗೆಳೆಯನಾಗಿ ನಟಿಸಿದವರು ನಿಜಕ್ಕೂ ಅಣ್ಣತಮ್ಮಂದಿರು, ಅಲ್ಲಿನವರೇ. ಅವರು ಬದುಕಿದ್ದಾರೋ ಇಲ್ಲವೋ ಎಂದು ಕಿಯರೋಸ್ತಮಿ ಹುಡುಕಿಕೊಂಡು ಹೋದ. ಅದನ್ನೇ 1992ರಲ್ಲಿ ‘ಆ್ಯಂಡ್ ಲೈಫ್ ಗೋಸ್ ಆನ್’ ಎಂದು ಸಿನಿಮಾ ಮಾಡಿದ: ಒಬ್ಬ ನಿರ್ದೇಶಕ ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು, ಕುಸಿದ ರಸ್ತೆಗಳಲ್ಲಿ ಕೋಕರ್ ದಾರಿ ಕೇಳುತ್ತ ಹೋಗುತ್ತಾನೆ. ನೋಟ್‌ಬುಕ್ಕಿನ ಸಿನಿಮಾ ನೋಡದವರಿಗೆ ಅದು ಸುಮ್ನೆ ಒಂದು ಕಾರು ಪ್ರಯಾಣ. ಹಾಗಾಗಿ ಅದನ್ನು ಅದರ ಸರದಿಗೇ ನೋಡಿ. ಅಮ್ಮನಿಗೆ ಇನ್ನೂ ತೋರಿಸಿಲ್ಲ, ಕೇಳುತ್ತಿದ್ದಾರೆ.